ಬಚ್ಚಲಿನ ಕೆಳಗೆ ಅಕ್ಕಿ ಚೀಲ

ಖಾನಾಪುರದ ಆ ಮನೆಯ ಮಾಳಿಗೆಗೆ ಹಳೆಯ ಹಲಗೆಯ ನೆಲ. ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲಿನ ಟೈಲ್ಸು ಸೀಳುತ್ತವೆ. ನನಗಿಂತ ಮೊದಲು ಇಬ್ಬರು ಗೌಂಡಿಗಳು ಅಲ್ಲಿ ಬಚ್ಚಲು ಕಟ್ಟಿ ಸೋತಿದ್ದರು. ಎರಡೂ ಸಲ ಕೆಳಗಿನ ಕೋಣೆಯಲ್ಲಿದ್ದ ವರ್ಷದ ಅಕ್ಕಿ ನೆನೆದಿತ್ತು.

ನಾನು ಸಡಿಲ ಹಲಗೆಗಳಿಗೆ ಸ್ಕ್ರೂ ಹೊಡೆದು ಬಿಗಿ ಮಾಡಿ, ಮೇಲೆ ಪ್ಲೈವುಡ್ ಕೂಡಿಸಿ, ಅದರ ಮೇಲೆ ನೀರು ಬಿಡದ ಮ್ಯಾಟ್ ಅಂಟಿಸಿದೆ. ಹಲಗೆ ಅಲುಗಿದರೂ ಆ ಅಲುಗಾಟ ಮ್ಯಾಟಿನಲ್ಲೇ ನಿಲ್ಲಬೇಕು, ಟೈಲ್ಸಿಗೆ ಮುಟ್ಟಬಾರದು. ಟೈಲ್ಸು ಕೂಡಿಸುವ ಮೊದಲು ಪರೀಕ್ಷೆ: ಮೋರಿ ಬಾಯಿ ಮುಚ್ಚಿ ನಾಲ್ಕು ಬೆರಳು ನೀರು ನಿಲ್ಲಿಸಿ, ಅಕ್ಕಿ ಚೀಲ ಹೊರಗಿಡಿಸಿದ್ದ ಕೆಳಗಿನ ಕೋಣೆಗೆ ಬಂದು, ನೆಲಕ್ಕೆ ಪೇಪರು ಹಾಸಿ ಕಾಯುತ್ತ ಕೂತೆ. ಒಂದು ಹನಿ ಬಿತ್ತು. ತಲೆಯೆತ್ತಿ ಮೇಲಿನ ಹಲಗೆಯ ಸಂದುಗಳನ್ನು ಹುಡುಕತೊಡಗಿದೆ.

ಮನೆಯ ಅಜ್ಜಿ ಬಾಗಿಲಲ್ಲೇ ನಿಂತು, “ಮ್ಯಾಲ ಏನ್ ನೋಡ್ತೀರಿ? ಅದು ನಿಮ್ಮ ಹಣಿ ಬೆವರು. ಮ್ಯಾಟ್ ಸೋರವಲ್ದು, ಗೌಂಡಿ ಸೋರಾಕತ್ತಾರ” ಅಂದರು.

“ನಾಳೆ ಮುಂಜಾನಿತನಕ ತಡೀರಿ ಅಜ್ಜಿ” ಅಂದೆ.

ಮರುದಿನ ಬೆಳಗಾವಿಯಿಂದ ಮೊದಲ ಬಸ್ಸಿಗೇ ಹೋದೆ. ಮೇಲೆ ನೀರು ಗುರುತು ಹಾಕಿದಷ್ಟೇ ಇತ್ತು. ಕೆಳಗೆ ಪೇಪರೇ ಇಲ್ಲ. ಆ ಜಾಗದಲ್ಲಿ ಅಕ್ಕಿ ಚೀಲಗಳು ಸಾಲಾಗಿ ನಿಂತಿದ್ದವು.

“ಯಾವಾಗ ಇಟ್ರಿ?”

“ನಿನ್ನೆ ನೀವು ಹೋದಕೂಡ್ಲೇ. ನಿಮ್ಮ ಕಾಳಜಿ ಮುಗಿಯೂತನಕ ಅಕ್ಕಿ ಹೊರಗಿಡಾಕ ಆಕ್ಕೈತೇನ್ರಿ?”

ಬೆಳಗಾವಿಯಲ್ಲಿ ದೊಡ್ಡ ದೊಡ್ಡ ಬಂಗಲೆಗಳಿಗೆ ಟೈಲ್ಸು ಹಾಕಿದ್ದೇನೆ. ನನ್ನ ಕೆಲಸವನ್ನು ಅಷ್ಟು ನಂಬಿದವರು ಯಾರೂ ಇರಲಿಲ್ಲ, ನಾನಂತೂ ಅಲ್ಲವೇ ಅಲ್ಲ. ಮೂರು ಮಳೆಗಾಲ ಕಳೆದರೂ ಒಂದು ಟೈಲ್ಸೂ ಸೀಳಿಲ್ಲ. ಖಾನಾಪುರಕ್ಕೆ ಹೋದಾಗೆಲ್ಲ ಆ ಚೀಲಗಳನ್ನು ಮುಟ್ಟಿ ನೋಡಿ, ಎದೆಯುಬ್ಬಿಸಿಕೊಂಡು ಬರುತ್ತೇನೆ.