ಇಪ್ಪತ್ತೆರಡೋ, ಇಪ್ಪತ್ತನಾಲ್ಕೋ

ನನ್ನ ಗಂಡ ಸೂಸೈಮಾಣಿಕ್ಕಂ ತೀರಿಕೊಂಡು ಏಳು ತಿಂಗಳಾಯಿತು. ಮೂವತ್ತೊಂದು ವರ್ಷ ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ, ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರಾಗಿದ್ದರು. ಓದಿದ್ದು ಐದನೇ ಕ್ಲಾಸು. ನಾನು ಮೂರು. ಅವರ ಕೆಲಸ ರೈಲುಹುಳದ್ದು. ಮಳೆ ಬಿದ್ದ ಮೇಲೆ ಗೋಡೆಯ ಮೇಲೆ ಹರಿಯುತ್ತದಲ್ಲ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುತ್ತದಲ್ಲ, ಆ ಸಾವಿರ ಕಾಲಿನ ಹುಳ.

ನನ್ನನ್ನು ನೋಡಲು ಬಂದ ದಿನ ಅವರ ಬೆರಳುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ನನ್ನಪ್ಪ ಬೀಗ ಮಾಡುವವರು, ಯಾರ ಕೈಯನ್ನಾದರೂ ಮೊದಲು ನೋಡುವವರು.

"ಏನಪ್ಪಾ, ಬೀಡಿನಾ, ಹೊಗೆಸೊಪ್ಪಾ?" ಅಂದರು.

"ಎರಡೂ ಅಲ್ಲ ಮಾಮಾ. ಹುಳ. ಹಿಡಿದ್ರೆ ಒಂದು ರಸ ಬಿಡುತ್ತೆ. ಎಷ್ಟು ತೊಳೆದ್ರೂ ಹೋಗಲ್ಲ."

"ಹುಳ ಹಿಡಿಯೋಕೆ ಸಂಬಳ ಕೊಡ್ತಾರಾ?"

"ಕೊಡ್ತಾರೆ. ಪಿಂಚಣಿನೂ ಇದೆ."

ಪಿಂಚಣಿ ಅಂದ ಮೇಲೆ ಅಪ್ಪ ಬೇರೇನೂ ಕೇಳಲಿಲ್ಲ.

ಆ ಕೆಲಸ ಹೇಗಿತ್ತು ಅಂತ ಹೇಳುತ್ತೇನೆ. ಹೆಣ್ಣುಹುಳ ಬೇಡ, ಬಲಿತ ಗಂಡೂ ಬೇಡ. ಎಳೆಯ ಗಂಡು ಬೇಕು. ತಲೆಯಿಂದ ಏಳನೇ ಉಂಗುರದಲ್ಲಿ ಕಾಲಿನ ಬದಲು ಗುಬುಟು ಮೂಡಿದ್ದರೆ ಎಳೆಗಂಡು. ನನಗೂ ಕಲಿಸಿದ್ದರು. ಅದನ್ನು ಸೀಳಿ ಒಳಗಿನ ಬಿಳಿ ಎಳೆಯಂಥ ಬೀಜವನ್ನು ತೆಗೆದು ಔಷಧಿಯಲ್ಲಿ ಹಾಕುವುದು. ಆಮೇಲೆ ಒಂದು ಚೂರನ್ನು ಗಾಜಿನ ಮೇಲಿಟ್ಟು, ಕೆಂಪು ಬಣ್ಣದ ಒಂದು ಹನಿ ಬಿಟ್ಟು, ಸೂಜಿಯಲ್ಲಿ ಕೆದಕುವುದು. ಸೂಜಿ ತುಕ್ಕು ಹಿಡಿದದ್ದೇ ಆಗಬೇಕು, ಆಗಲೇ ಬಣ್ಣ ಕಚ್ಚುವುದು. ಕೊನೆಗೆ ತೆಳುಗಾಜು ಮುಚ್ಚಿ, ಮೇಲೆ ಮಸಿ ಹೀರುವ ಕಾಗದವಿಟ್ಟು, ಹೆಬ್ಬೆರಳಲ್ಲಿ ಒತ್ತುವುದು.

ಎಲ್ಲಾ ಇರುವುದು ಆ ಒತ್ತುವುದರಲ್ಲಿ. ಬೆರಳು ನೇರವಾಗಿ ಇಳಿಯಬೇಕು. ಜಾರಿದರೆ ಜೀವಕೋಶ ಒಡೆದು ಒಳಗಿದ್ದದ್ದು ಚೆಲ್ಲಿಹೋಗುತ್ತದೆ. ಕಡಿಮೆ ಒತ್ತಿದರೆ ಒಂದರ ಮೇಲೊಂದು ಬಿದ್ದು ಎಣಿಸಲು ಬರುವುದಿಲ್ಲ.

ಎಣಿಸುವುದು ಕ್ರೋಮೋಸೋಮುಗಳನ್ನು. ಇವರು ಕಡ್ಡಿ ಅನ್ನುತ್ತಿದ್ದರು. ಒಂದು ಕೋಶ ಎರಡಾಗುವಾಗ ಮಾತ್ರ ಕಾಣುತ್ತವಂತೆ. ಒಂದೊಂದು ಜಾತಿಯ ಹುಳಕ್ಕೆ ಒಂದೊಂದು ಲೆಕ್ಕ, ಅದು ತಪ್ಪುವುದಿಲ್ಲ. ಬೀಜದೊಳಗೆ ಕಡ್ಡಿಗಳು ತಮ್ಮ ತಮ್ಮ ಜೋಡಿ ಹುಡುಕಿಕೊಂಡು ಅಂಟಿಕೊಳ್ಳುತ್ತವೆ, ನಡುವೆ ಸಾಲಾಗಿ ನಿಲ್ಲುತ್ತವೆ, ಆಮೇಲೆ ಬಿಟ್ಟು ಅರ್ಧ ಆ ಕಡೆ, ಅರ್ಧ ಈ ಕಡೆ ಹೋಗುತ್ತವೆ. ಒಂದು ಜೋಡಿ ಮಾತ್ರ ಸರಿಸಮ ಅಲ್ಲ, ಒಂದು ದೊಡ್ಡದು, ಇನ್ನೊಂದು ಚುಕ್ಕಿಯಷ್ಟು. ಗಂಡು ಗಂಡಾಗುವುದು ಅದರಿಂದ. ಇದನ್ನೆಲ್ಲ ಅನ್ನ ಉಣ್ಣುತ್ತಾ ಹೇಳುತ್ತಿದ್ದರು. ಆಗ ನನಗೆ ಬೇಸರ ಬರುತ್ತಿತ್ತು. ಈಗ ಕೇಳಬೇಕು ಅನಿಸುತ್ತದೆ.

ಒಂದು ಸಲ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಲ್ಯಾಬಿಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

"ಏನು ಕಾಣ್ತು?"

"ಕೆಂಪು ಜೀರಿಗೆ ಚೆಲ್ಲಿದ ಹಾಗಿದೆ."

"ಎಷ್ಟಿದೆ ಹೇಳು."

"ನಿಮ್ಮ ಜೀರಿಗೆ ಎಣಿಸೋಕೆ ನನಗೇನು ಹುಚ್ಚಾ ರೀ?"

ನಕ್ಕರು. ಇಪ್ಪತ್ತನಾಲ್ಕು ಅಂದರು. ಸಿರುಮಲೈ ಬೆಟ್ಟದ ಕರಿಹುಳಕ್ಕೆ ಇಪ್ಪತ್ತನಾಲ್ಕು, ಹನ್ನೆರಡು ಜೋಡಿ. ಇವರ ಮೇಲಿನ ಪ್ರೊಫೆಸರು ಫಾದರ್ ಇನ್ನಾಸಿ ಅದನ್ನು ಯಾವುದೋ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಅವರ ಕೈಕೆಳಗೆ ಪದ್ಮಾಸನಿ ಅನ್ನುವ ಹುಡುಗಿ ಅದೇ ಹುಳದ ಮೇಲೆ ಡಾಕ್ಟರ್ ಪದವಿಗೆ ಬರೆಯುತ್ತಿದ್ದಳು. ಗಾಜು ಒತ್ತಿಕೊಡುವವರು ಇವರು.

ಎಂಬತ್ತೊಂದನೇ ಇಸವಿ ಅಕ್ಟೋಬರಿನಲ್ಲಿ ಮಳೆ ಶುರುವಾದ ವಾರವೇ ಇವರಿಗೆ ಟೈಫಾಯ್ಡ್ ಬಂತು. ಹುಳ ಸಿಗುವುದು ಮಳೆ ಬಿದ್ದ ಮೂರು ನಾಲ್ಕು ವಾರ. ಆಮೇಲೆ ಗಂಡು ಬಲಿತುಬಿಡುತ್ತದೆ, ಒಳಗೆ ಎರಡಾಗುವ ಕೋಶ ಸಿಗುವುದಿಲ್ಲ. ಚಾಪೆಯ ಮೇಲೆ ಮಲಗಿ ಇವರದು ಅದೇ ಗೋಳು.

"ಪದ್ಮಾಸನಿಯಮ್ಮನಿಗೆ ಒಂದು ವರ್ಷ ಹೋಗುತ್ತಲ್ಲಾ."

"ನಿಮ್ಮ ಜೀವ ಹೋಗ್ತಿದೆ, ಅವಳ ವರ್ಷದ ಚಿಂತೆನಾ? ನಾನು ಹೋಗಿ ತರ್ತೀನಿ, ಸುಮ್ನೆ ಗಂಜಿ ಕುಡೀರಿ."

ಎರಡು ಸಲ ಬಸ್ಸಿನಲ್ಲಿ ಸಿರುಮಲೈಗೆ ಹೋದೆ. ಹದಿನಾಲ್ಕನೇ ತಿರುವಿನಲ್ಲಿ ಇಳಿದು ಹಲಸಿನ ಮರದ ಕೆಳಗೆ ಕೊಳೆತ ಎಲೆ ಕೆದಕಿ ತಂದೆ. ಮೂರನೇ ಸಲ ಗುಡ್ಡ ಜರಿದು ಬಸ್ಸು ಎಂಟನೇ ತಿರುವಿನಿಂದ ವಾಪಸಾಯಿತು. ಖಾಲಿ ಡಬ್ಬಿ ಹಿಡಿದು ಮನೆಗೆ ಬರುವಾಗ ಚರ್ಚಿನ ಹಿಂದಿನ ಸಮಾಧಿ ಬಯಲು ದಾರಿಯಲ್ಲೇ ಸಿಕ್ಕಿತು. ಗೋಡೆಯ ಬುಡದಲ್ಲಿ, ಉದುರಿದ ಸುಣ್ಣದ ಕೆಳಗೆ, ಅದೇ ಹುಳ. ಅದೇ ಕಪ್ಪು, ಅದೇ ಉದ್ದ, ಏಳನೇ ಉಂಗುರದಲ್ಲಿ ಅದೇ ಗುಬುಟು.

ಗುಂಡಿ ತೋಡುವ ಚಿನ್ನಪ್ಪನ್ ಹಾರೆ ಹಿಡಿದು ಬಂದ.

"ಏನಕ್ಕಾ, ಅಣ್ಣನಿಗೆ ಜ್ವರ ಅಂದ್ರು. ಆಗಲೇ ಜಾಗ ನೋಡೋಕೆ ಬಂದ್ಯಾ?"

"ನಿನ್ನ ಬಾಯಿಗೆ ಮಣ್ಣು ಹಾಕ! ಹುಳ ಹೆಕ್ತಿದ್ದೀನಿ."

"ಹೆಕ್ಕು, ಹೆಕ್ಕು. ಇಲ್ಲಿರೋರು ಯಾರೂ ಬೇಡ ಅನ್ನಲ್ಲ."

ನಲವತ್ತು ಸಿಕ್ಕವು. ಮನೆಯಲ್ಲಿದ್ದ ದೊಡ್ಡ ಡಬ್ಬಿಗೆ, ಬೆಟ್ಟದ ಹುಳಗಳ ಜೊತೆಗೇ ಸುರಿದೆ.

"ಬೆಟ್ಟದ್ದೇ ತಾನೇ?" ಮಲಗಿದ್ದಲ್ಲಿಂದಲೇ ಕೇಳಿದರು.

"ಇನ್ನೆಲ್ಲಿಯದು?" ಅಂದೆ.

ಎದ್ದು ಕೂತು, ಸಿರುಮಲೈ, ಹದಿನಾಲ್ಕನೇ ತಿರುವು, ತಾರೀಖು ಇಷ್ಟು ಅಂತ ಚೀಟಿ ಬರೆದು ಡಬ್ಬಿಗೆ ಅಂಟಿಸಿದರು. ಹುಳ ಹುಳವೇ ಅಂದುಕೊಂಡಿದ್ದೆ ನಾನು.

ನವೆಂಬರಿನಲ್ಲಿ ಕೆಲಸಕ್ಕೆ ಹೋದರು. ಮೈಯಲ್ಲಿ ಮಾಂಸ ಇರಲಿಲ್ಲ. ಕಾಫಿ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಪದ್ಮಾಸನಿ ಆಗಲೇ ಬೀಜ ತೆಗೆದು ಔಷಧಿಯಲ್ಲಿ ಹಾಕಿಟ್ಟಿದ್ದಳು, ಆ ಕೈಯಲ್ಲೇ ಗಾಜು ಒತ್ತಿದರು. ಡಿಸೆಂಬರಿನಲ್ಲಿ ಒಂದು ಸಂಜೆ ಬಂದವರು ಅಂಗಿಯನ್ನೂ ತೆಗೆಯದೆ ಬಾಗಿಲಲ್ಲೇ ಕೂತರು.

"ಏನಾಯ್ತು?"

"ಲೆಕ್ಕ ಕೂಡ್ತಿಲ್ಲ. ಕೆಲವದ್ರಲ್ಲಿ ಇಪ್ಪತ್ತನಾಲ್ಕು, ಕೆಲವದ್ರಲ್ಲಿ ಇಪ್ಪತ್ತೆರಡು. ಒಂದೇ ಡಬ್ಬಿ ಹುಳ."

"ಅದಕ್ಕೇನಂತೆ?"

"ನನ್ನ ಕೈ ಹೋಗಿದೆಯಂತೆ. ಒತ್ತುವಾಗ ಎರಡು ಕಡ್ಡಿ ಹೊರಗೆ ಹಾರ್ತಿವೆ ಅಂತ ಫಾದರ್ ಹೇಳಿದ್ರು. ಕ್ರಿಸ್‌ಮಸ್ ಆದ್ಮೇಲೆ ನನ್ನನ್ನ ಗೇಟು ಕಾಯೋಕೆ ಹಾಕ್ತಾರೆ. ಮೇಜಿಗೆ ಬೇರೆಯವರು."

"ಗೇಟಾದ್ರೇನು? ಸಂಬಳ ಅದೇ ತಾನೇ?"

ಅವರು ನನ್ನ ಮುಖ ನೋಡಿದರು. ಇಸ್ಪೀಟಿಲ್ಲ, ಸಾರಾಯಿಯಿಲ್ಲ, ಸಂಘವಿಲ್ಲ. ಆ ಮೇಜು ಬಿಟ್ಟರೆ ಅವರಿಗೆ ಇನ್ನೊಂದಿರಲಿಲ್ಲ. ಅದು ಗೊತ್ತಿದ್ದೂ ಹಾಗೆ ಅಂದೆ.

ಆಮೇಲೆ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು. "ಕೈ ತಪ್ಪಿದ್ರೆ ಒಂದ್ಸಲ ಒಂದು ಹೋಗ್ಬೇಕು, ಒಂದ್ಸಲ ಮೂರು ಹೋಗ್ಬೇಕು. ಪ್ರತಿಸಲ ಎರಡೇ ಯಾಕೆ ಹೋಗುತ್ತೆ? ಆಮೇಲೆ ಆ ಇಪ್ಪತ್ತೆರಡರಲ್ಲಿ ಒಂದು ಜೋಡಿ ಬಹಳ ಉದ್ದ. ಎರಡು ಕಡ್ಡಿ ತುದಿಗೆ ತುದಿ ಅಂಟಿಸಿದ ಹಾಗೆ. ಇಪ್ಪತ್ತನಾಲ್ಕರಲ್ಲಿ ಅದಿಲ್ಲ."

ನಾನು ಅಕ್ಕಿ ತೊಳೆಯುತ್ತಿದ್ದೆ. ಕೈ ನೀರಲ್ಲೇ ನಿಂತಿತು. ಅಲ್ಲೇ ಗೊತ್ತಾಯಿತು, ಇದು ಸಮಾಧಿ ಬಯಲಿನ ಹುಳದ ಕೆಲಸ ಅಂತ. ಆದರೂ ಬಾಯಿ ಬಿಡಲಿಲ್ಲ.

ಕಾರಣ ಚೀಟಿ. ಹಿಂದಿನ ವರ್ಷ ಒಬ್ಬ ಅಟೆಂಡರು ಕಪ್ಪೆಯ ಜಾಡಿಯ ಮೇಲೆ ತಾನು ಹೋಗದ ಊರಿನ ಹೆಸರು ಬರೆದಿದ್ದ. ಫಾದರ್ ಅವನನ್ನು ಅವತ್ತೇ ಮನೆಗೆ ಕಳಿಸಿದ್ದರು. ಕೈ ನಡುಗಿದರೆ ಗೇಟು. ಚೀಟಿ ಸುಳ್ಳಾದರೆ ಗೇಟೂ ಇಲ್ಲ. ಬರೆದದ್ದು ಇವರ ಕೈಯಲ್ಲಿ, ಬರೆಸಿದ್ದು ನನ್ನ ಸುಳ್ಳು. ಹೇಳಿದರೆ ಕೈಯ ಹೆಸರು ಉಳಿಯಬಹುದು, ಕೆಲಸ ಹೋಗಬಹುದು. ಸುಮ್ಮನಿದ್ದರೆ ಸಂಬಳ ಬರುತ್ತದೆ, ಮನುಷ್ಯ ಗೇಟಿನಲ್ಲಿ ಕೂತು ಒಣಗುತ್ತಾನೆ. ನಾನು ಸಂಬಳದ ಕಡೆಗೇ ವಾಲಿದ್ದೆ. ಸುಳ್ಳೇಕೆ ಹೇಳಲಿ.

ಮಾರನೇ ದಿನದಿಂದ ಅವರು ಈರುಳ್ಳಿ ಹಿಡಿದುಕೊಂಡರು. ಅಡುಗೆಗೆ ತಂದಿದ್ದನ್ನೇ ಬಾಟಲಿಗಳ ಬಾಯಿಯ ಮೇಲೆ ಕೂರಿಸಿ, ನೀರಿಗೆ ಬೇರು ಬಿಡಿಸಿ, ಆ ಬೇರಿನ ತುದಿ ಕತ್ತರಿಸಿಕೊಂಡು ಹೋಗಿ ಒತ್ತುವುದು. ಈರುಳ್ಳಿಗೆ ಹದಿನಾರು ಕಡ್ಡಿ, ಕೈ ಸರಿಯಿದ್ದರೆ ಅಷ್ಟೇ ಬರಬೇಕು. ಪ್ರತಿಸಲ ಹದಿನಾರೇ ಬಂತು. ಫಾದರಿಗೆ ತೋರಿಸಿದರು.

"ಏನಂದ್ರು?"

"ಈರುಳ್ಳಿ ಒರಟು ಸೂಸೈ, ಯಾರು ಒತ್ತಿದ್ರೂ ಬರುತ್ತೆ ಅಂದ್ರು."

ಐದನೇ ದಿನ ಬೆಳಿಗ್ಗೆ ಭಾನುವಾರ. ಬಾಟಲಿಗಳ ಮುಂದೆ ಕೂತು ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು.

"ಹೌದೇನೋ ಲೂರ್ದು," ಅಂದರು. "ಕೈ ಹೋಗಿರಬಹುದು. ನನಗೇ ಗೊತ್ತಾಗ್ತಿಲ್ಲ."

ಬೇರೆಯವರು ಹೇಳಿದ್ದನ್ನು ತಡೆದುಕೊಂಡಿದ್ದೆ. ಅವರೇ ಹೇಳಿದ್ದನ್ನು ತಡೆಯಲಾಗಲಿಲ್ಲ.

"ಡಬ್ಬಿಯಲ್ಲಿ ಸಮಾಧಿ ಹುಳ ಇದೆ," ಅಂದೆ.

"ಯಾವ ಸಮಾಧಿ?"

"ಚರ್ಚಿನ ಹಿಂದಿಂದು. ಮೂರನೇ ಸಲ ಬಸ್ಸು ಮೇಲೆ ಹೋಗಲಿಲ್ಲ. ಅಲ್ಲಿಂದ ಹೆಕ್ಕಿ ತಂದು ಸುರಿದೆ."

ಬೈಯುತ್ತಾರೆ ಅಂದುಕೊಂಡೆ.

"ಎಷ್ಟು?"

"ನಲವತ್ತು."

"ಎಲ್ಲಾ ಎಳೆಗಂಡಾ?"

"ನೋಡಿಯೇ ಹಾಕಿದ್ದು."

"ಅಯ್ಯೋ ಮಂಕೇ," ಅಂದರು. ಎದ್ದು ಅಂಗಿ ಹಾಕಿಕೊಂಡರು. ಆಮೇಲೆ ನೆನಪಾಯಿತು ಅವರಿಗೆ, ಬಾಗಿಲಲ್ಲಿ ನಿಂತರು. "ಚೀಟಿ ನನ್ನ ಕೈಬರಹದಲ್ಲಿದೆ."

"ಅದಕ್ಕೇ ಹೇಳಿರಲಿಲ್ಲ."

"ಹ್ಞೂ," ಅಂದರು. ಡಬ್ಬಿ ತಗೊಂಡು ಹೊರಟರು. ಅವತ್ತು ಪೂಜೆಗೆ ಹೋಗಲಿಲ್ಲ, ಸಮಾಧಿ ಬಯಲಿಗೆ ಹೋದೆವು. ಕಾಲ ಮೀರಿತ್ತು, ಸಿಕ್ಕಿದ್ದೆಲ್ಲ ಬಲಿತದ್ದು. ಮಧ್ಯಾಹ್ನದವರೆಗೆ ಕೆದಕಿ ಮೂರು ಎಳೆಯವು ಸಿಕ್ಕವು. ಚಿನ್ನಪ್ಪನ್ ಸಮಾಧಿಕಲ್ಲಿನ ಮೇಲೆ ಕೂತು ನೋಡುತ್ತಿದ್ದ.

"ಈಗ ಗಂಡ ಹೆಂಡತಿ ಇಬ್ರೂ ಬಂದ್ರಾ? ಜೋಡಿ ಗುಂಡಿಗೆ ಕಡಿಮೆ ಮಾಡ್ಕೊಡಲ್ಲ, ಮೊದಲೇ ಹೇಳಿದ್ದೀನಿ."

ಇವರು ಇನ್ನೊಂದು ಕಲ್ಲು ಮಗುಚಿದರು.

ಎರಡು ದಿನದಲ್ಲಿ ಮೂರರದ್ದೂ ಗಾಜು ಮಾಡಿದರು. ಬುಧವಾರ ಫಾದರ್ ಹತ್ತಿರ ಹೋದರು. ಬರಬೇಡ ಅಂದಿದ್ದರು, ನಾನು ಹೋದೆ. ಲ್ಯಾಬಿನ ಜಗುಲಿಯಲ್ಲಿ ಕಂಬದ ಪಕ್ಕ ನಿಂತೆ. ಬಾಗಿಲು ತೆರೆದಿತ್ತು. ಫಾದರ್ ಬಿಳಿ ಅಂಗಿಯ ತೋಳು ಮಡಚಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದರು. ಪದ್ಮಾಸನಿ ಪಕ್ಕದಲ್ಲಿ. ಒಂದು ಗಂಟೆಗೂ ಹೆಚ್ಚು ನೋಡಿದರು. ಫಾದರ್ ಎದ್ದರು, ಅವಳು ಕೂತಳು, ಎಣಿಸಿದಳು, ಮತ್ತೆ ಎಣಿಸಿದಳು.

"ಮೂರರಲ್ಲೂ ಇಪ್ಪತ್ತೆರಡೇ ಫಾದರ್," ಅಂದಳು. "ಮೂರರಲ್ಲೂ ಆ ಉದ್ದದ ಜೋಡಿ ಇದೆ. ಒಂದು ಕೋಶವೂ ಒಡೆದಿಲ್ಲ. ಇದು ಬೇರೆ ಹುಳ."

ಫಾದರ್ ಕನ್ನಡಕ ಒರೆಸಿದರು. "ಸೂಸೈ, ದೊಡ್ಡ ಡಬ್ಬಿಯ ಚೀಟಿ ಬರೆದದ್ದು ಯಾರು?"

"ನಾನೇ ಸಾಮಿ."

"ಹುಳ ಹಿಡಿದದ್ದು?"

"ಅದೂ ನಾನೇ ಸಾಮಿ."

"ಅಲ್ಲ ಸಾಮಿ," ನಾನು ಹೊರಗಿನಿಂದಲೇ ಹೇಳಿದೆ. "ಅವರು ಚಾಪೆ ಬಿಟ್ಟು ಎದ್ದಿರಲೇ ಇಲ್ಲ. ಹಿಡಿದದ್ದು ನಾನು. ಬೆಟ್ಟದ್ದು ಅಂತ ಸುಳ್ಳು ಹೇಳಿದ್ದೂ ನಾನೇ."

ಫಾದರ್ ಬಾಗಿಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಯಾಕಮ್ಮಾ ಹೇಳಿದೆ?"

"ಎರಡೂ ಕಪ್ಪಗಿದ್ದವು ಸಾಮಿ. ಒಳಗೆ ಬೇರೆ ಬೇರೆ ಅಂತ ನನಗೇನು ಕನಸು ಬೀಳುತ್ತಾ? ನಿಮಗೂ ಇಷ್ಟು ದಿನ ಗೊತ್ತಾಗಲಿಲ್ಲವಲ್ಲ."

ಪದ್ಮಾಸನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫಾದರ್ ನಗಲಿಲ್ಲ. ಒಳಗೆ ಹೋಗಿ ಕೂತರು. ಇವರು ಕೈಕಟ್ಟಿ ನಿಂತೇ ಇದ್ದರು.

"ಕೈ ಸರಿಯಾಗಿದೆ," ಅಂದರು ಫಾದರ್. "ಅದು ನನ್ನ ತಪ್ಪು. ಚೀಟಿ ನಿನ್ನ ತಪ್ಪು. ಕಣ್ಣಲ್ಲಿ ನೋಡದ್ದನ್ನ ಬರೆದೆ. ಜ್ವರ ಇತ್ತು ಅಂತ ಕೆಲಸದಿಂದ ತೆಗೀತಿಲ್ಲ. ಮುಂದಿನ ಮಳೆವರೆಗೂ ಗೇಟಿನಲ್ಲಿರು. ಮಳೆ ಬಿದ್ದ ದಿನ ಮೇಜಿಗೆ ಬಾ."

"ಆಗಲಿ ಸಾಮಿ."

ಮನೆಗೆ ನಡೆದುಕೊಂಡು ಬಂದೆವು. ತೊಗಲು ವ್ಯಾಪಾರದ ಮಂಡಿಯ ಹತ್ತಿರ ಬಂದಾಗ ಕೇಳಿದರು.

"ಕೈ ಸರಿಯಾಗಿದೆ ಅಂದ್ರಲ್ಲಾ?"

"ಅಂದ್ರು."

"ಪದ್ಮಾಸನಿಯಮ್ಮನೂ ಕೇಳಿಸಿಕೊಂಡ್ರಾ?"

"ಕಂಬಕ್ಕೂ ಕೇಳಿಸ್ತು ರೀ, ನಡೀರಿ."

ಅವತ್ತು ಒಣಮೀನಿನ ಸಾರಿನಲ್ಲಿ ಎರಡು ಸಲ ಬಡಿಸಿಕೊಂಡು ಉಂಡರು. ಜ್ವರ ಬಿಟ್ಟ ಮೇಲೆ ಹಾಗೆ ಉಂಡದ್ದು ಅದೇ ಮೊದಲು.

ಹತ್ತು ತಿಂಗಳು ಗೇಟಿನಲ್ಲಿ ಕೂತರು. ಖಾಕಿ ಅಂಗಿ ಅವರಿಗೆ ಒಪ್ಪುತ್ತಿರಲಿಲ್ಲ. ಹೋಗಿಬರುವವರು, "ಏನು ಸೂಸೈ, ಈಗ ಹುಡುಗರನ್ನ ಎಣಿಸೋ ಕೆಲಸನಾ?" ಅಂತ ಕೆಣಕುತ್ತಿದ್ದರು. "ಹೌದು, ಇವರದ್ದೇ ಲೆಕ್ಕ ಕೂಡಲ್ಲ," ಅನ್ನುತ್ತಿದ್ದರು. ಪದ್ಮಾಸನಿ ವಾರಕ್ಕೊಮ್ಮೆ ಗೇಟಿಗೆ ಬಂದು, ತಾನು ಒತ್ತಿದ ಗಾಜನ್ನು ಬೆಳಕಿಗೆ ಹಿಡಿದು ತೋರಿಸಿ ಬೈಸಿಕೊಂಡು ಹೋಗುತ್ತಿದ್ದಳು. ಅವಳಿಗೆ ಒಂದು ಹುಳದ ಜಾಗದಲ್ಲಿ ಎರಡು ಸಿಕ್ಕಿದ್ದವು.

ಮುಂದಿನ ಅಕ್ಟೋಬರು ಮಳೆ ತಡವಾಯಿತು. ಇವರು ದಿನಾ ಎದ್ದು ಆಕಾಶ ನೋಡುವುದು, ಖಾಕಿ ಹಾಕಿಕೊಳ್ಳುವುದು. ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಹಂಚಿನ ಮೇಲೆ ಹನಿ ಬಿದ್ದವು. ಖಾಕಿ ಅಂಗಿ ಮಡಚಿ ಪೆಟ್ಟಿಗೆಗೆ ಹಾಕಿ, ಎರಡು ಡಬ್ಬಿ ತೆಗೆದುಕೊಂಡರು, ಎರಡಕ್ಕೂ ಚೀಟಿ ಅಂಟಿಸಿರಲಿಲ್ಲ. ಬೆಟ್ಟಕ್ಕೆ ತಾವೇ ಹೋದರು. ಸಮಾಧಿ ಬಯಲಿಗೂ ತಾವೇ. ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕನೇ ದಿನ ಸಂಜೆ ಬೆರಳೆಲ್ಲ ಕೆಂಪು ಬಣ್ಣ ಮಾಡಿಕೊಂಡು ಬಂದರು.

"ಎಷ್ಟು ಬಂತು?" ಅಂದೆ.

"ಬೆಟ್ಟದ್ದು ಇಪ್ಪತ್ತನಾಲ್ಕು. ಇಲ್ಲಿಯದು ಇಪ್ಪತ್ತೆರಡು."

ಕೈ ತೊಳೆಯಲು ನೀರು ಕೊಟ್ಟೆ.