ಚೀಟಿ ನಿಂತ ದಿನ

ಮೊಮ್ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಗೋಕುಲ ರಸ್ತೆಯ ಒಂದು ಪಂಪ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಗಿರಾಕಿಗೆ ಏನು ಬೇಕೆಂದು ಬರೆದ ಚೀಟಿಯನ್ನು ಆಫೀಸಿನಿಂದ ಗೋದಾಮಿಗೆ, ಅಲ್ಲಿಂದ ಬಿಲ್ಲಿನ ಕೋಣೆಗೆ ಒಯ್ಯುವುದು ನನ್ನ ಕೆಲಸ. ನಿಮ್ಮ ಅವ್ವ ಆಗ ಕಾಲೇಜಿನಲ್ಲಿದ್ದಳು. ಮನೆ ನಡೆಯುತ್ತಿದ್ದುದು ಅದರಿಂದಲೇ.

ಒಂದು ದಿನ ಇಂಜಿನಿಯರೊಬ್ಬ ಬಂದ. ಮೂರೂ ಕಡೆಯ ಕಂಪ್ಯೂಟರುಗಳು ಇನ್ನು ತಾವೇ ಒಂದಕ್ಕೊಂದು ಸುದ್ದಿ ಕಳಿಸುತ್ತವೆ ಎಂದ. ಗಿರಾಕಿ, ಮಾಲು, ದರ ಎಂದು ಪ್ರತಿಯೊಂದರ ಮೇಲೂ ಅದರ ಹೆಸರು ಹಚ್ಚಿ ಕಳಿಸುವ ಆ ಬರವಣಿಗೆಗೆ ಎಕ್ಸ್‌ಎಂಎಲ್ ಎನ್ನುತ್ತಾರಂತೆ. ಅದು ಚೀಟಿಯೊಂದಿಗೆ ಸರಿಯಾಗಿ ತಾಳೆಯಾಗುವವರೆಗೆ ಮಾತ್ರ ನಾನು ಓಡಾಡಬೇಕಿತ್ತು. ದಿನಾ ಸಂಜೆ ಆ ಇಂಜಿನಿಯರ್ ಎರಡನ್ನೂ ಹೋಲಿಸಿ ನೋಡುವಾಗ, ತಾಳೆಯಾದರೆ ನನ್ನ ಕೆಲಸ ಹೋದಂತೆಯೇ ಎಂದು ನಾನು ಬಾಗಿಲಲ್ಲೇ ನಿಂತು ಕಾಯುತ್ತಿದ್ದೆ.

ತಾಳೆಯಾದ ದಿನ ಕಾರ್ಖಾನೆಯ ಸಾಹೇಬರು ಪೇಡೆ ತರಿಸಿದರು. ಹಂಚುವ ಕೆಲಸ ನನಗೇ ಬಂತು.

“ಅಕ್ಕಾರ, ಚೀಟಿ ಹೋಗಿ ಪೇಡೆ ಬಂತಲ್ರಿ,” ಎಂದು ಗೋದಾಮಿನವನು ನಕ್ಕ.

ನನಗೆ ನಗು ಬರಲಿಲ್ಲ. ಸಾಹೇಬರ ಮುಂದೆ ಡಬ್ಬಿ ಹಿಡಿದು ನಿಂತೆ. ಅವರೊಡನೆ ನಾನಾಗಿ ಎಂದೂ ಮಾತಾಡಿದವಳಲ್ಲ.

“ಸಾಹೇಬ್ರ, ನಾಳಿ ಬರ್ಲೇನ್ರಿ?”

“ಬರದ ಎಲ್ಲಿ ಹೋಗ್ತೀರಿ? ಪ್ಯಾಕಿಂಗಿಗೆ ಮಂದಿ ಕಡಿಮಿ ಅದಾರ. ಅಲ್ಲಿಗೆ ಹೋಗ್ರಿ.”

ಹೆದರಿಕೆ ಪೂರ್ತಿ ಹೋಗಲಿಲ್ಲ. ಪ್ಯಾಕಿಂಗಿಗೂ ಯಾವುದೋ ಯಂತ್ರ ಬಂದೀತೆಂದು, ಬಾಗಿಲ ಸಪ್ಪಳವಾದಾಗಲೆಲ್ಲ ತಿರುಗಿ ನೋಡುತ್ತಿದ್ದೆ. ಆದರೂ ಆ ಸಂಬಳದಲ್ಲೇ ನಿಮ್ಮ ಅವ್ವ ಕಾಲೇಜು ಮುಗಿಸಿದಳು. ಏನಾದರೂ ಕೇಳಲು ನಿಮಗೂ ಅಂಜಿಕೆಯಾದಾಗ ಓದಲು ಬೇಕಾದೀತು, ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ.