ಬಣ್ಣ ಬೇಡದ ನಿಲುಗನ್ನಡಿ

ಚಾಮರಾಜಪೇಟೆಯ ನಮ್ಮ ಮನೆಗೆ ಬಂದವರೆಲ್ಲ ಕಾಫಿಯ ಲೋಟ ಕೈಗೆತ್ತಿಕೊಂಡು, ಗೋಡೆಯ ಮೇಲಿನ ಪೆನ್ಸಿಲ್ ಚಿತ್ರವನ್ನು ನೋಡಿ, ‘ಚೆನ್ನಾಗಿದೆ, ಬಣ್ಣ ಯಾವಾಗ ಹಾಕ್ತೀರಾ?’ ಎಂದು ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ಮೊಳೆ ಹೊಡೆದು ತೂಗುಹಾಕಿದ ಮೇಲೂ ಅದು ಈ ಮಹನೀಯರ ಕಣ್ಣಿಗೆ ಅರೆಬೆಂದ ಅನ್ನದಂತೆ ಕಾಣುವುದಾದರೆ ತಪ್ಪು ಶಾಲೆಯ ಡ್ರಾಯಿಂಗ್ ಕ್ಲಾಸಿನದೇ ಇರಬೇಕು; ಪೆನ್ಸಿಲ್ ಎಂದರೆ ಬಣ್ಣ ಬರುವ ತನಕ ಜಾಗ ಕಾಯುವ ಆಳು ಎಂದು ಅಲ್ಲಿ ತಲೆಗೆ ತುಂಬಿಬಿಟ್ಟಿದ್ದಾರೆ.

ಚಿತ್ರ ಬರೆದವಳು ನನ್ನ ಹೆಂಡತಿ ವಿಮಲ. ಅದರಲ್ಲಿರುವುದು ಗವಿಪುರದ ಅವಳ ತವರಿನಲ್ಲಿ ಅಜ್ಜಿಯ ಕಾಲದಿಂದ ಇದ್ದ, ಬೀಟೆಮರದ ನಿಲುಗನ್ನಡಿಯ ಮೇಜು. ಆ ಮನೆಯನ್ನು ಒಡೆಸಿ ಹೊಸದಾಗಿ ಕಟ್ಟಿಸುವಾಗ ಅವಳ ತಮ್ಮ ಶ್ರೀಧರ, ಅಕ್ಕನಿಗೊಂದು ಮಾತೂ ಹೇಳದೆ, ಅದನ್ನು ಹಳೇ ಸಾಮಾನಿನವನಿಗೆ ಸಾಗಹಾಕಿದ. ಇವಳು ಜಗಳವಾಡಲಿಲ್ಲ, ನೆನಪಿನಿಂದಲೇ ಬರೆಯಲು ಕುಳಿತಳು. ಓದುಗ ಮಿತ್ರರೇ, ಒಮ್ಮೆ ಹತ್ತಿರ ಬಂದು ನೋಡಿ: ಬಳುಕಿ ನಿಂತ ಆ ಕಾಲುಗಳು, ಎಳೆದೆಳೆದು ಅಂಚು ಸವೆದ ಖಾನೆ, ಮರದ ಎಳೆಗಳ ನಡುವೆ ಕಾಗದವನ್ನು ಹಾಗೆಯೇ ಬಿಟ್ಟು ತಂದಿರುವ ಹೊಳಪು. ಕನ್ನಡಿಯ ಜಾಗದಲ್ಲಂತೂ ಏನನ್ನೂ ಬರೆಯದೆಯೇ ಕನ್ನಡಿಯನ್ನು ಬರೆದಿದ್ದಾಳೆ! ಅಡಿಪಟ್ಟಿ ಹಿಡಿದೂ ನೆಟ್ಟಗೆ ಗೆರೆ ಎಳೆಯಲಾರದ ನಾನು ಈ ಚಿತ್ರಕ್ಕೆ ಸ್ವಯಂನೇಮಿತ ವಕೀಲ.

ಹೋದ ಭಾನುವಾರ ಶ್ರೀಧರನೇ ಬಂದ, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು.

‘ಅಕ್ಕಾ, ಇದಕ್ಕೆ ಬಣ್ಣ ಹಾಕ್ಕೊಡು. ಹೊಸ ಮನೆ ಹಾಲ್‌ನಲ್ಲಿ ಹಾಕ್ತೀನಿ. ಅಮ್ಮನ ನೆನಪು ಇರ್ಲಿ.’

ಮೇಜನ್ನೇ ಸಾಗಹಾಕಿದವನಿಗೆ ಈಗ ಅದರ ಚಿತ್ರ ಬೇಕು, ಅದೂ ಬಣ್ಣ ಹಚ್ಚಿದ್ದು! ನನ್ನ ನಾಲಿಗೆಯ ತುದಿಗೆ ಬಂದ ಮಾತುಗಳು ಅಚ್ಚಿಗೆ ಯೋಗ್ಯವಲ್ಲ. ಅವನ್ನು ಆಡುವ ಮೊದಲೇ ವಿಮಲ ಚಿತ್ರವನ್ನು ಮೊಳೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ತಮ್ಮ ಕೇಳಿದನೆಂದು ಹಚ್ಚಿಯೇಬಿಡುತ್ತಾಳೆ ಎಂದುಕೊಂಡೆ.

‘ಯಾವ ಬಣ್ಣ ಹಾಕ್ಲಿ? ನೀನೇ ಹೇಳು.’

‘ಅದೇ ಅಕ್ಕ, ಮರದ ಬಣ್ಣ. ಬ್ರೌನು.’

‘ನಿನ್ನ ಮದುವೆಗೆ ಮನೆಗೆಲ್ಲ ಪೇಂಟ್ ಹೊಡೆಸ್ದಾಗ, ಕಿಟಕಿಗೆ ತಂದಿದ್ದು ಮಿಕ್ತು ಅಂತ ಅಮ್ಮ ಈ ಮೇಜಿಗೂ ಹೊಡೆಸಿದ್ಲು. ಕಡೇವರೆಗೂ ಅದು ಹಸಿರಾಗೇ ಇತ್ತು ಕಣೋ.’

ಶ್ರೀಧರ ಡಬ್ಬಿಯ ಮುಚ್ಚಳವನ್ನು ನೋಡುತ್ತ ಕುಳಿತ. ಆ ಮದುವೆಯಲ್ಲಿ ಓಡಾಡಿ ಬಡಿಸಿದ್ದ ನನಗೂ ಹಸಿರು ನೆನಪಿರಲಿಲ್ಲ. ವಿಮಲ ಸೆರಗಿನಿಂದ ಗಾಜನ್ನು ಒರೆಸಿ, ಚಿತ್ರವನ್ನು ಮತ್ತೆ ಮೊಳೆಗೆ ಹಾಕಿದಳು.

‘ಆ ಹಸಿರನ್ನೆಲ್ಲ ಕೆರೆದು, ಅಡೀಲಿದ್ದ ಮರಾನ ಈಚೆಗೆ ತರೋಕೆ ನಂಗೆ ಇಷ್ಟು ದಿನ ಹಿಡೀತು. ನೀನು ನೋಡಿದ್ರೆ ಮತ್ತೆ ಬಣ್ಣ ಹೊಡಿ ಅಂತೀಯ.’